ಪೆಡಲನ್ನು ಮೇಲಕ್ಕೂ ಎಳೆಯಬೇಕೇ?

ಪ್ರಶ್ನೆ: ನಾನು ಹಾಸನದವನು. ಹೋದ ತಿಂಗಳು ಸೈಕಲ್ಲಿಗೆ ಬೂಟಿನ ತಳವನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿಕೊಂಡೆ. ಕೆಳಕ್ಕೆ ತುಳಿದರೆ ಸಾಲದು, ಮೇಲಕ್ಕೂ ಎಳೆಯಬೇಕು, ಆಗಲೇ ಕೊಟ್ಟ ದುಡ್ಡು ವಸೂಲು ಎಂದು ಗೆಳೆಯರು ಹೇಳಿದರು. ಹಾಗೆಯೇ ಮಾಡುತ್ತಾ ಚಿಕ್ಕಮಗಳೂರಿನ ಹತ್ತಿರದ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಹತ್ತಿದೆ. ಅರ್ಧ ದಾರಿಗೇ ತೊಡೆಸಂದು ಹಿಡಿದುಕೊಂಡಿತು. ಎಲ್ಲಿ ತಪ್ಪಿದೆ?

ಉತ್ತರ: ಗೆಳೆಯರ ಸಲಹೆಯಲ್ಲೇ ತಪ್ಪಿದೆ. ಎಳೆಯಬೇಡಿ.

ಬಲಗಾಲಿನ ಪೆಡಲ್ ತಿರುಗುವ ಸುತ್ತನ್ನು ಗಡಿಯಾರವೆಂದುಕೊಳ್ಳಿ. ಒಂದು ಗಂಟೆಯಿಂದ ಐದು ಗಂಟೆಯವರೆಗೆ ಪೃಷ್ಠದ ಮತ್ತು ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳು ದುಡಿಯುತ್ತವೆ. ಮೂರು ಗಂಟೆಯ ಆಸುಪಾಸಿನಲ್ಲಿ ಅವುಗಳ ಬಲ ಅತಿ ಹೆಚ್ಚು. ಏಳರಿಂದ ಹನ್ನೊಂದರವರೆಗೆ ಕಾಲನ್ನು ಎತ್ತಬೇಕಾದವು ತೊಡೆಸಂದಿನ ಸ್ನಾಯುಗಳು. ನಡೆಯುವಾಗ ಕಾಲೆತ್ತುವುದಷ್ಟೇ ಅವುಗಳ ನಿತ್ಯದ ಕೆಲಸ. ಅವುಗಳಿಂದ ಗುಡ್ಡ ಹತ್ತಿಸಲು ಹೊರಟರೆ ನಿಮಗಾದದ್ದೇ ಆಗುತ್ತದೆ. 2007ರಲ್ಲಿ ಕಾರ್ಫ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಎಂಟು ಮಂದಿ ಸವಾರರನ್ನು 200 ವಾಟ್ ಶಕ್ತಿಯಲ್ಲಿ, ನಿಮಿಷಕ್ಕೆ 90 ಸುತ್ತಿನಂತೆ ನಾಲ್ಕು ಬಗೆಯಾಗಿ ತುಳಿಸಿ ನೋಡಿದರು. ಬೇಕೆಂದೇ ಮೇಲಕ್ಕೆ ಎಳೆದಾಗ ಪೆಡಲಿನ ಮೇಲೆ ಬಲ ಸಮನಾಗಿ ಹಂಚಿಹೋಯಿತು ನಿಜ, ಆದರೆ ಅಷ್ಟೇ ಕೆಲಸಕ್ಕೆ ದೇಹ ಹೆಚ್ಚು ಶಕ್ತಿ ಸುಟ್ಟಿತು.

ಹಾಗಾದರೆ ಏರುವ ಕಾಲು ಏನು ಮಾಡಬೇಕು? ಅಜ್ಜಿಯರಿಬ್ಬರು ಎದುರುಬದುರು ಕುಳಿತು ರಾಗಿ ಬೀಸುವುದನ್ನು ನೋಡಿದ್ದೀರಾ? ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬರು ಎಳೆದಾಗ ಇನ್ನೊಬ್ಬರ ಕೈ ಗೂಟದ ಜೊತೆ ಸುಮ್ಮನೆ ಹೋಗುತ್ತದೆ. ತಡೆಯುವುದಿಲ್ಲ, ಅವಸರ ಮಾಡುವುದೂ ಇಲ್ಲ. ಏರುವ ಕಾಲು ಹಾಗಿರಲಿ. ಕಾಲಿನ ಭಾರದ ಚಿಂತೆಯೂ ಬೇಡ: ಇಳಿಯುವ ಕಾಲಿನ ತೂಕವೇ ಅದನ್ನು ಸರಿದೂಗಿಸುತ್ತದೆ. ತೀರಾ ಕಡಿದಾದ ತಿರುವಿನಲ್ಲಿ ನಾಲ್ಕಾರು ಸುತ್ತು ಎಳೆದರೆ ತಪ್ಪಿಲ್ಲ, ಅದನ್ನೇ ಅಭ್ಯಾಸ ಮಾಡಿಕೊಳ್ಳಬಾರದು.

ಎಳೆಯುವುದಕ್ಕಲ್ಲದಿದ್ದರೆ ಈ ಪೆಡಲ್ ಏಕೆ ಎನ್ನುತ್ತೀರಿ. ಹಾದಿ ಕುಲುಕಿದರೂ ಮಳೆಯಲ್ಲಿ ತೋಯ್ದರೂ ಪಾದ ಜಾರುವುದಿಲ್ಲ, ಬೇಗ ಬೇಗ ತುಳಿದರೂ ಜಾಗ ಬಿಟ್ಟು ಕದಲುವುದಿಲ್ಲ. ಅಷ್ಟೇ, ಅದೇನು ಕಡಿಮೆಯೇ? (ಕ್ಲಿಪ್ ಇದ್ದೂ ಕ್ಲಿಪ್‌ಲೆಸ್ ಎಂಬ ಹೆಸರು ವಿಚಿತ್ರವೇ. ಮೊದಲು ಬೆರಳುಗಳ ಮೇಲೆ ಪಂಜರದಂಥ ಟೋ ಕ್ಲಿಪ್ ಮತ್ತು ಪಟ್ಟಿ ಇರುತ್ತಿದ್ದವು. ಅವು ಇಲ್ಲದ ಪೆಡಲ್ ಎಂದು ಈ ಹೆಸರು. ಸ್ಕೀ ಬೂಟನ್ನು ಹಿಡಿದಿಡುವ ಸಾಧನ ತಯಾರಿಸುತ್ತಿದ್ದ ಲುಕ್ ಕಂಪನಿಯ ಪೆಡಲ್ ತುಳಿದು ಫ್ರಾನ್ಸಿನ ಸವಾರ ಬರ್ನಾರ್ ಇನೊ 1985ರ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಅದು ಎಲ್ಲೆಡೆ ಹಬ್ಬಿತು.)

ನಿಮ್ಮ ನೋವಿಗೆ ಗೇರಿನ ಪಾಲೂ ಇದ್ದೀತು. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ಈ ಏರಿಗೆ ಭಾರದ ಗೇರು ಹಾಕಿದರೆ ಅದರ ಬೆಲೆಯನ್ನು ಮಂಡಿ ತೆರಬೇಕಾಗುತ್ತದೆ. ಮುಂದೆ 34, ಹಿಂದೆ 32 ಹಲ್ಲಿನ ಚಕ್ರವಿದ್ದರೆ ನಿಮಿಷಕ್ಕೆ 70 ಸುತ್ತಿಗೆ ವೇಗ ಗಂಟೆಗೆ ಒಂಬತ್ತೂವರೆ ಕಿಲೋಮೀಟರ್ ಹತ್ತಿರ ಬರುತ್ತದೆ. ನಿಧಾನವೆಂದು ನಾಚಬೇಡಿ. ಹದಿನೈದು ಸೆಕೆಂಡಿನಲ್ಲಿ ಬಲಮಂಡಿ ಎಷ್ಟು ಸಲ ಮೇಲೆ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿ. 60ಕ್ಕಿಂತ ಕಡಿಮೆಯಾದರೆ ಇನ್ನೂ ಹಗುರ ಗೇರಿಗೆ ಇಳಿಯಿರಿ. ಕಡೂರು ರಸ್ತೆಯ ಸಮತಟ್ಟಿನಲ್ಲಿ 80ರಿಂದ 90 ಹಿತವೆನಿಸುತ್ತದೆ. ಸೀಟು ಎಷ್ಟೆತ್ತರ ಇರಬೇಕೆಂದರೆ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ ಕೆಳಗಿನ ಕಾಲು ನೆಟ್ಟಗಾಗಬೇಕು.

ಕೊನೆಗೆ ಕಾಲು ಬಿಡಿಸುವ ವಿಷಯ. ಮೊದಲ ಸಲ ನಾನು ಬಿದ್ದದ್ದು ಕೈಮರದ ಚೆಕ್‌ಪೋಸ್ಟಿನಲ್ಲಿ, ಸಾಲುಗಟ್ಟಿ ನಿಂತ ಪ್ರವಾಸಿ ವಾಹನಗಳ ಎದುರು, ನಿಂತಲ್ಲಿಯೇ. ಗಾಬರಿಯಲ್ಲಿ ಕಾಲನ್ನು ಮೇಲಕ್ಕೆಳೆದೆ. ಪೆಡಲ್ ಬಿಡುವುದು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದಾಗ ಮಾತ್ರ. ಗೇಟು ಕಾಣಿಸಿದೊಡನೆ, ಸೈಕಲ್ ಉರುಳುತ್ತಿರುವಾಗಲೇ ಒಂದು ಕಾಲು ಬಿಡಿಸಿಕೊಳ್ಳಿ. ನಿಮ್ಮದು ಶಿಮಾನೊ ಕಂಪನಿಯ ಎಸ್‌ಪಿಡಿ ಬಗೆಯ ಪೆಡಲಾಗಿದ್ದರೆ ಹಿಡಿತದ ಸ್ಕ್ರೂವನ್ನು 3 ಮಿಲಿಮೀಟರ್ ಅಲೆನ್ ಕೀಲಿಯಿಂದ ಸಡಿಲಿಸಿಡಿ. ಮಳೆಗಾಲದಲ್ಲಿ ತೋಟದ ಬದಿಯಲ್ಲಿ ಇಳಿದು ನಿಂತಿರೋ, ಬೂಟಿನಡಿ ಪೆಡಲಿಗೆ ಸಿಕ್ಕಿಕೊಳ್ಳುವ ತುಂಡಾದ ಕ್ಲೀಟಿನ ಸಂದಿಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆದೇ ಮತ್ತೆ ಹತ್ತಿ.