ಅಪ್ಪನಿಗೆ ಸಂಬಳವಿದ್ದರೆ ಮಗನಿಗೆ ಯುವನಿಧಿ ಸಿಗುವುದಿಲ್ಲವೇ?

ಪ್ರಶ್ನೆ: ಬಿ.ಕಾಂ. ಮುಗಿದು ಎಂಟು ತಿಂಗಳಾಯಿತು, ಕೆಲಸ ಸಿಕ್ಕಿಲ್ಲ. ಅಪ್ಪ-ಅಮ್ಮನ ಜೊತೆಗೇ ಇದ್ದೇನೆ. ಅಪ್ಪ ಬಸ್ ಚಾಲಕರು. ಅಮ್ಮನಿಗೆ ಗೃಹಲಕ್ಷ್ಮಿ ಹಣ ಬರುತ್ತದೆ. ನಾನು ಯುವನಿಧಿಗೆ ಅರ್ಜಿ ಹಾಕಿದರೆ ಅಮ್ಮನ ಹಣ ನಿಂತುಹೋಗುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ, ಧೈರ್ಯವಾಗಿ ಅರ್ಜಿ ಹಾಕಿ. ಗೃಹಲಕ್ಷ್ಮಿಯಲ್ಲಿ ನೋಡುವುದು ಮನೆಯ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ, ಜಿಎಸ್‌ಟಿ ವ್ಯಾಪ್ತಿಯಲ್ಲಿದ್ದಾರೆಯೇ ಎಂಬುದನ್ನು. ಮಗನ ಭತ್ಯೆಗೂ ಅದಕ್ಕೂ ಸಂಬಂಧವಿಲ್ಲ.

ಯುವನಿಧಿಯಂತೂ ಅಪ್ಪನ ಸಂಬಳದ ಚೀಟಿಯನ್ನೇ ಕೇಳುವುದಿಲ್ಲ. ಎಲ್ಲ ಕಡೆ ಹೀಗಿಲ್ಲ. 2023ರಲ್ಲಿ ಛತ್ತೀಸಗಢ ತಂದ ನಿರುದ್ಯೋಗ ಭತ್ಯೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದೆಂಬ ಮಿತಿಯಿತ್ತು. ಜರ್ಮನಿಯಲ್ಲಿ 25 ತುಂಬದವರು ಹೆತ್ತವರೊಡನೆ ಇದ್ದರೆ ಇಡೀ ಮನೆಯ ಆದಾಯವನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಪದವೀಧರ ಮಗ ಬಸ್ಸಿನ ಚಾರ್ಜಿಗೂ ಅಪ್ಪನ ಮುಂದೆ ಕೈಯೊಡ್ಡುವುದು ತಪ್ಪಲಿ ಎಂದಾದರೆ ನಮ್ಮ ನಿಯಮವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸವಿಲ್ಲದಿರಬೇಕು, ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. 2022-23ರಲ್ಲಿ ತೇರ್ಗಡೆಯಾದವರಿಂದ ಆರಂಭವಾದ ಯೋಜನೆಗೆ ನಂತರದ ವರ್ಷದವರೂ ಸೇರಿದ್ದಾರೆ. ಎಂ.ಕಾಂ.ಗೆ ಸೇರಿದರೆ ಅಥವಾ ಅಪ್ರೆಂಟಿಸ್ ವೇತನ ಪಡೆಯುತ್ತಿದ್ದರೆ ಸಿಗುವುದಿಲ್ಲ.

ತೊಡಕಿರುವುದು ಬೇರೆ ಕಡೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗಲೂ, ಆಮೇಲೆ ‘ಇನ್ನೂ ನಿರುದ್ಯೋಗಿಯಾಗಿದ್ದೇನೆ’ ಎಂದು ಸ್ವಯಂ ಘೋಷಣೆ ಕೊಡುವಾಗಲೂ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಎಲ್ಲರ ಆಧಾರ್‌ಗೂ ಅಪ್ಪನದೇ ನಂಬರು. ನೀವು ಗ್ರಾಮ ಒನ್ ಕೇಂದ್ರದಲ್ಲಿ ಕಾಯುತ್ತಿರುತ್ತೀರಿ, ಒಟಿಪಿ ಬಂದ ಮೊಬೈಲು ಸ್ಟಿಯರಿಂಗ್ ಹಿಡಿದವರ ಜೇಬಿನಲ್ಲಿರುತ್ತದೆ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ನಂಬರನ್ನು ಜೋಡಿಸಿಕೊಳ್ಳಿ.

ಬ್ಯಾಂಕ್ ಖಾತೆಯನ್ನೂ ನೋಡಿಕೊಳ್ಳಿ. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಅದು ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆಯೂ ಆಗಿರಬಹುದು. ಯಾವ ಬ್ಯಾಂಕ್ ಎಂಬುದನ್ನು ಆಧಾರ್ ಜಾಲತಾಣವೇ ತೋರಿಸುತ್ತದೆ.

ಘೋಷಣೆ ತಪ್ಪಿದರೆ ಹಣವೂ ನಿಲ್ಲುತ್ತದೆ. ಆರಂಭದಲ್ಲಿ ಪ್ರತಿ ತಿಂಗಳ 25ರೊಳಗೆ ಕೊಡಬೇಕಿತ್ತು; ಈಗಿನ ಗಡುವನ್ನು ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ. ಕೆಲಸ ಸಿಕ್ಕಿದ್ದನ್ನು ಮುಚ್ಚಿಡಬೇಡಿ, ಪಡೆದ ಹಣವನ್ನು ವಾಪಸು ಕಟ್ಟಬೇಕಾಗುತ್ತದೆ.