ದಿಗ್ಗಜರ ಜಾಗವನ್ನು ಹೊಸ ನಟರು ತುಂಬಬಲ್ಲರೇ?

ಓದುಗರ ಪ್ರಶ್ನೆ: ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್ ಈಗ ನಮ್ಮ ನಡುವೆ ಇಲ್ಲ. ಅಮಿತಾಭ್, ರಜನಿಕಾಂತ್, ಮಮ್ಮುಟ್ಟಿ ಎಲ್ಲರೂ ಎಪ್ಪತ್ತು ದಾಟಿದ್ದಾರೆ. ಇವರ ಜಾಗಕ್ಕೆ ಬರುವಂಥವರು ಈಗಿನ ನಟರಲ್ಲಿ ಯಾರಾದರೂ ಇದ್ದಾರಾ?

ಉತ್ತರ: ‘ಜಾಗ’ ಅಂದರೆ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಹಿರಿಯರು ಮಾಡಿದ ಪಾತ್ರ ಎಂದಾದರೆ ಅದನ್ನು ಕಿರಿಯರು ಖಂಡಿತ ಮಾಡಬಲ್ಲರು. ಅಭಿನಯದ ಕಸುಬು ಎಂದಾದರೆ ಅದರಲ್ಲೂ ಸರಿಗಟ್ಟಬಲ್ಲರು, ಕೆಲವರು ಮೀರಲೂಬಲ್ಲರು. ಆದರೆ ಜನರ ಬದುಕಿನಲ್ಲಿ ಅವರಿಗಿದ್ದ ಸ್ಥಾನ ಎಂದಾದರೆ, ಅದು ಇನ್ನೊಬ್ಬರಿಗೆ ಸಿಗುವುದಿಲ್ಲ ಎಂದೇ ನನ್ನ ನಂಬಿಕೆ. ಹೊಸಬರಲ್ಲಿ ಪ್ರತಿಭೆ ಕಡಿಮೆ ಎಂದು ಹೀಗೆ ಹೇಳುತ್ತಿಲ್ಲ. ಆ ಸ್ಥಾನವನ್ನು ಹುಟ್ಟಿಸಿದ ಕಾಲವೇ ಈಗಿಲ್ಲ.

ಪಾತ್ರದ ವಿಷಯ ಮೊದಲು ನೋಡೋಣ. 1972ರ ‘ಗಾಡ್‌ಫಾದರ್’ ಚಿತ್ರದಲ್ಲಿ ವೀಟೊ ಕಾರ್ಲಿಯೋನೆಯಾಗಿ ನಟಿಸಿದ್ದು ಮಾರ್ಲನ್ ಬ್ರಾಂಡೊ. ಎರಡು ವರ್ಷಕ್ಕೆ ಬಂದ ಎರಡನೇ ಭಾಗದಲ್ಲಿ ಅದೇ ವೀಟೊನ ಯೌವನದ ಪಾತ್ರ ರಾಬರ್ಟ್ ಡಿ ನೀರೊ ಪಾಲಿಗೆ ಬಂತು. ಬ್ರಾಂಡೊ ಅಷ್ಟರಲ್ಲಾಗಲೇ ದಂತಕಥೆ, ಡಿ ನೀರೊಗೆ ಆಗಿನ್ನೂ ಮೂವತ್ತರ ಆಸುಪಾಸು. ಅವರು ಬ್ರಾಂಡೊ ಅವರ ಅನುಕರಣೆ ಮಾಡಲಿಲ್ಲ. ಗೊಗ್ಗರು ದನಿಯ ಒಂದು ಎಳೆ, ಅವಸರವಿಲ್ಲದ ಮಾತು, ಕೈಯಾಡಿಸುವ ಒಂದು ರೀತಿ, ಇಷ್ಟನ್ನು ಮಾತ್ರ ಉಳಿಸಿಕೊಂಡರು. ಸಂಭಾಷಣೆಯ ಬಹುಪಾಲು ಸಿಸಿಲಿಯನ್ ನುಡಿಯಲ್ಲೇ ನಡೆಯಿತು. ಮುದುಕ ವೀಟೊ ಈ ಹುಡುಗನಿಂದಲೇ ಬೆಳೆದು ಬಂದಿರಬೇಕು ಎಂದು ನೋಡುವವರಿಗೆ ಅನಿಸುತ್ತದೆ. ಒಂದೇ ಪಾತ್ರಕ್ಕೆ ಇಬ್ಬರಿಗೂ ಆಸ್ಕರ್ ಬಂತು.

ನಮ್ಮಲ್ಲೂ ದೇವದಾಸನ ಪಾತ್ರ ಸೈಗಲ್ ಅವರಿಂದ ದಿಲೀಪ್ ಕುಮಾರ್ ಅವರಿಗೆ, 2002ರಲ್ಲಿ ಶಾರುಖ್ ಖಾನ್ ಅವರಿಗೆ ಬಂತು. ಜೇಮ್ಸ್ ಬಾಂಡ್ ಆಗಿ ಶಾನ್ ಕಾನರಿ ಅವರಿಂದ ಡೇನಿಯಲ್ ಕ್ರೇಗ್ ವರೆಗೆ ಆರು ನಟರು ಬಂದುಹೋದರು. ಆದರೆ 1973ರ ‘ಜಂಜೀರ್’ ಚಿತ್ರವನ್ನು 2013ರಲ್ಲಿ ರಾಮ್ ಚರಣ್ ಅವರನ್ನಿಟ್ಟು ಮತ್ತೆ ತೆಗೆದಾಗ ಅದು ನೆಲಕಚ್ಚಿತು. ‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಹ್ಯಾರಿಸನ್ ಫೋರ್ಡ್ ಮಾಡಿದ್ದ ಹ್ಯಾನ್ ಸೋಲೊ ಪಾತ್ರವನ್ನು 2018ರಲ್ಲಿ ಬೇರೆ ನಟ ಮಾಡಿದಾಗಲೂ ಜನ ಚಿತ್ರಮಂದಿರಕ್ಕೆ ಬರಲಿಲ್ಲ.

ಈ ವ್ಯತ್ಯಾಸಕ್ಕೆ ನನಗೆ ಕಾಣುವ ಕಾರಣ ಇದು. ವೀಟೊ, ದೇವದಾಸ್, ಬಾಂಡ್ ಮೂವರೂ ಕಾದಂಬರಿಯಲ್ಲಿ ಹುಟ್ಟಿದವರು. ನಟ ಬರುವ ಮೊದಲೇ ಆ ಮನುಷ್ಯ ಕಾಗದದ ಮೇಲಿದ್ದ. ‘ಜಂಜೀರ್’ ಚಿತ್ರದ ವಿಜಯ್ ಹಾಗಲ್ಲ. ಅಮಿತಾಭ್ ಅವರ ಎತ್ತರ, ಆಳದ ದನಿ, ಸಿಟ್ಟನ್ನು ನುಂಗಿಕೊಂಡ ಕಣ್ಣು ಇವನ್ನೆಲ್ಲ ತೆಗೆದರೆ ಉಳಿಯುವುದು ಒಬ್ಬ ಸಾಧಾರಣ ಪೊಲೀಸ್ ಇನ್‌ಸ್ಪೆಕ್ಟರ್. ಅಂಥ ಪಾತ್ರ ಬೇರೆಯವರ ಮೈಗೆ ಒಗ್ಗಬೇಕಾದರೆ ಅದನ್ನು ಬುಡದಿಂದ ಮತ್ತೆ ಬರೆಯಬೇಕು. 2012ರ ‘ಅಗ್ನಿಪಥ್’ನಲ್ಲಿ ಹೃತಿಕ್ ರೋಷನ್ ಗೆದ್ದದ್ದು ಹಾಗೆ. ಮೂಲ ಚಿತ್ರದಲ್ಲಿ ಅಮಿತಾಭ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಒಡಕು ದನಿಯ ಹತ್ತಿರಕ್ಕೂ ಅವರು ಹೋಗಲಿಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ 2018ರ ‘ಅಂಬಿ ನಿಂಗ್ ವಯಸ್ಸಾಯ್ತೋ’. ವಯಸ್ಸಾದ ನಾಯಕನಾಗಿ ಅಂಬರೀಶ್, ಅದೇ ನಾಯಕನ ಹರೆಯದಲ್ಲಿ ಸುದೀಪ್. ಇಬ್ಬರ ಮುಖಕ್ಕೂ ಮೈಕಟ್ಟಿಗೂ ಹೋಲಿಕೆ ಇಲ್ಲ. ಆದರೂ ಪ್ರೇಕ್ಷಕರು ಒಪ್ಪಿದರು, ಏಕೆಂದರೆ ಇಲ್ಲಿ ಕಿರಿಯ ನಟ ಹಿರಿಯರ ಬದಲಿಗೆ ಬಂದಿರಲಿಲ್ಲ. ಅವರ ಜೊತೆ, ಅವರ ಕಣ್ಣೆದುರೇ ಒಂದು ಪಾತ್ರವನ್ನು ಹಂಚಿಕೊಂಡಿದ್ದರು. ಚಿತ್ರ ಬಿಡುಗಡೆಯಾದದ್ದು ಸೆಪ್ಟೆಂಬರ್‌ನಲ್ಲಿ. ನವೆಂಬರ್ 24ರಂದು ಅಂಬರೀಶ್ ತೀರಿಕೊಂಡರು.

ಇನ್ನು ಸ್ಥಾನದ ವಿಷಯ. ಅಣ್ಣಾವ್ರನ್ನೇ ತೆಗೆದುಕೊಳ್ಳಿ. ವೃತ್ತಿರಂಗಭೂಮಿಯಲ್ಲಿ ವರ್ಷಗಟ್ಟಲೆ ಪಳಗಿ 1954ರಲ್ಲಿ ‘ಬೇಡರ ಕಣ್ಣಪ್ಪ’ನಿಗೆ ಬಂದವರು. ಅಲ್ಲಿಂದ ‘ಬಂಗಾರದ ಮನುಷ್ಯ’ಕ್ಕೆ 18 ವರ್ಷ. ಆ ನಡುವೆ ಅವರು ‘ರಣಧೀರ ಕಂಠೀರವ’ನಾದರು, ‘ಇಮ್ಮಡಿ ಪುಲಿಕೇಶಿ’ಯಾದರು, ‘ಶ್ರೀಕೃಷ್ಣದೇವರಾಯ’ದಲ್ಲಿ ಕಿರೀಟ ಹೊತ್ತರು, ‘ಜೇಡರ ಬಲೆ’ಯಲ್ಲಿ ಪತ್ತೇದಾರನಾಗಿ ಕೋಟು ತೊಟ್ಟರು, ‘ಕಸ್ತೂರಿ ನಿವಾಸ’ದಲ್ಲಿ ಎಲ್ಲವನ್ನೂ ಕೊಟ್ಟು ಬರಿಗೈಯಾದರು. ಅರವತ್ತರ ದಶಕದಲ್ಲಿ ಒಂದೇ ವರ್ಷಕ್ಕೆ ಅವರ ಹತ್ತಕ್ಕೂ ಹೆಚ್ಚು ಚಿತ್ರಗಳು ಬಂದದ್ದುಂಟು. ಹೆಚ್ಚುಕಡಿಮೆ ತಿಂಗಳಿಗೊಂದು ಸಲ ಅದೇ ಮುಖ ಹೊಸ ವೇಷದಲ್ಲಿ ತೆರೆಗೆ ಬರುತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಹಾಡಿನಿಂದ ಮುಂದೆ ಹಾಡುವ ದನಿಯೂ ಅವರದೇ ಆಯಿತು. ಗೋಕಾಕ್ ಚಳವಳಿಯ ಹೊತ್ತಿಗೆ ಅವರು ವೇದಿಕೆ ಹತ್ತಿದಾಗ ಜನ ನೋಡಿದ್ದು ನಟನನ್ನಷ್ಟೇ ಅಲ್ಲ; ಕಾಲು ಶತಮಾನಕ್ಕೂ ಹೆಚ್ಚು ಕಾಲ ತಮ್ಮ ರಾಜ, ರೈತ, ಭಕ್ತ, ಅಣ್ಣ ಎಲ್ಲವೂ ಆಗಿದ್ದವರನ್ನು.

ಈಗ ಅದೇ ಪಟ್ಟಿಯನ್ನು ಇಂದಿನ ತಾರೆಯ ಮುಂದೆ ಇಡಿ. ‘ಕೆಜಿಎಫ್’ ಎರಡನೇ ಭಾಗ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅದಾದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಯಶ್ ನಾಯಕರಾಗಿರುವ ಒಂದೂ ಚಿತ್ರ ತೆರೆಗೆ ಬರಲಿಲ್ಲ. ಇದನ್ನು ಆಲಸ್ಯ ಎಂದು ಬೈಯುವುದು ತಪ್ಪು. ಇಂದಿನ ದೊಡ್ಡ ಚಿತ್ರಗಳ ಬಂಡವಾಳ, ಗ್ರಾಫಿಕ್ಸ್ ಕೆಲಸ, ನಾಲ್ಕೈದು ಭಾಷೆಗಳ ಬಿಡುಗಡೆ ಎಲ್ಲಕ್ಕೂ ಅಷ್ಟು ಸಮಯ ಬೇಕು. ಆದರೆ ವರ್ಷಕ್ಕೆ ಹತ್ತು ಬಾರಿ ಕಾಣುತ್ತಿದ್ದವರ ಜೊತೆ ಬೆಳೆಯುವ ನಂಟು ಮೂರು ವರ್ಷಕ್ಕೊಮ್ಮೆ ಕಾಣುವವರ ಜೊತೆ ಬೆಳೆಯುವುದು ಕಷ್ಟ. ಅಂದು ಊರಿಗೊಂದು ಟಾಕೀಸ್, ಮನೆಗೊಂದು ರೇಡಿಯೊ. ಎಲ್ಲರೂ ಅದೇ ಚಿತ್ರ ನೋಡಿ ಅದೇ ಹಾಡು ಕೇಳುತ್ತಿದ್ದರು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಫೋನ್‌ಗಳಲ್ಲಿ ನಾಲ್ಕು ಭಾಷೆಯ ಚಿತ್ರ ನೋಡುತ್ತಾರೆ. ಇದರಿಂದ ನೋಡುಗರಿಗೆ ಲಾಭವೇ ಆಗಿದೆ. ಆದರೆ ಇಡೀ ನಾಡು ಒಬ್ಬರನ್ನೇ ತನ್ನವರೆಂದು ಅಪ್ಪಿಕೊಳ್ಳುವ ಕಾಲ ಹೀಗೆ ಕರಗಿಹೋಯಿತು.

ಹೋಲಿಕೆಯಲ್ಲಿ ನಾವು ಮಾಡುವ ಒಂದು ಅನ್ಯಾಯವನ್ನೂ ಇಲ್ಲಿ ಹೇಳಿಬಿಡಬೇಕು. ದಿಗ್ಗಜರ ಅತ್ಯುತ್ತಮ ಹತ್ತು ಚಿತ್ರಗಳನ್ನು ಒಂದು ಕಡೆ ಇಟ್ಟು, ಇನ್ನೊಂದು ಕಡೆ ಹೊಸಬರ ಮೂರನೆಯದೋ ನಾಲ್ಕನೆಯದೋ ಚಿತ್ರವನ್ನಿಟ್ಟು ತೂಗುತ್ತೇವೆ. ಅಣ್ಣಾವ್ರ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂದು ಯಾರ ಬಾಯಲ್ಲೂ ಇಲ್ಲದವು ಎಷ್ಟೋ ಇವೆ. ಆ ಸಾಧಾರಣ ಚಿತ್ರಗಳನ್ನು ಮಾಡುತ್ತ ಮಾಡುತ್ತಲೇ ಅವರು ಬೆಳೆದರು. ಇಂದಿನ ನಟನಿಗೆ ಎರಡು ಚಿತ್ರ ಸೋತರೆ ಮೂರನೆಯದಕ್ಕೆ ನಿರ್ಮಾಪಕರೇ ಸಿಗುವುದಿಲ್ಲ.

ಹಾಗಿದ್ದರೆ ಹಿರಿಯರ ನಂತರ ಯಾರೂ ಬರುವುದಿಲ್ಲವೇ? ಬರುತ್ತಾರೆ, ಆದರೆ ನಾವು ಕಾಯುತ್ತಿರುವ ಬಾಗಿಲಿನಿಂದ ಬರುವುದಿಲ್ಲ. 1971ರ ‘ಆನಂದ್’ ಚಿತ್ರದಲ್ಲಿ ರಾಜೇಶ್ ಖನ್ನಾ ದೇಶವೇ ಹುಚ್ಚಾಗಿದ್ದ ತಾರೆ. ಪಕ್ಕದಲ್ಲಿ ನಗು ಕಡಿಮೆಯ ಡಾಕ್ಟರ್ ಭಾಸ್ಕರ್ ಆಗಿ ಅಮಿತಾಭ್. ಖನ್ನಾ ಅವರ ಉತ್ತರಾಧಿಕಾರಿಯನ್ನು ಹುಡುಕಲು ಹೊರಟವರು ಇನ್ನೊಂದು ಮುದ್ದು ಮುಖ, ಇನ್ನೊಂದು ಪ್ರಣಯದ ನಗು ಹುಡುಕುತ್ತಿದ್ದರೇ ಹೊರತು ಈ ಉದ್ದ ಕಾಲಿನ ಗಂಭೀರ ಮನುಷ್ಯನನ್ನಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಕಾಲಕ್ಕೆ ಬೇಕಾದದ್ದು ಪ್ರಣಯವಲ್ಲ, ಸಿಟ್ಟು ಎಂದು ಗೊತ್ತಾಯಿತು. ಜೂನಿಯರ್ ಇಂಥವರು, ಮರಿ ಅಂಥವರು ಎಂದು ಬಿರುದು ಹೊತ್ತು ಬಂದವರಲ್ಲಿ ಹೆಚ್ಚಿನವರು ಎಲ್ಲಿಗೂ ಮುಟ್ಟದಿರುವುದಕ್ಕೆ ಕಾರಣ ಇದೇ. ಅಸಲು ಇರುವಾಗ ನಕಲು ಯಾರಿಗೂ ಬೇಡ. ಅಸಲು ಹೋದ ಮೇಲೆ ನಕಲು ನೋಡಿದರೆ ನೋವು ಹೆಚ್ಚುತ್ತದೆ ಅಷ್ಟೇ.

ಪ್ರಶ್ನೆಯನ್ನು ಹಿರಿಯರ ಕಡೆಯಿಂದಲೂ ಕೇಳಬೇಕು. ಜಾಗ ಬಿಡುವುದು ಹೇಗೆಂದು ದಿಲೀಪ್ ಕುಮಾರ್ ತೋರಿಸಿಕೊಟ್ಟರು. 1976ರ ನಂತರ ಐದು ವರ್ಷ ಸುಮ್ಮನಿದ್ದು, 1981ರ ‘ಕ್ರಾಂತಿ’ಯಿಂದ ಹಿರಿಯರ ಪಾತ್ರಗಳಿಗೆ ಬಂದರು. ಮರುವರ್ಷದ ‘ಶಕ್ತಿ’ಯಲ್ಲಿ ಅವರು ಅಪ್ಪ, ಅಮಿತಾಭ್ ಮಗ. ಆಗ ಅಮಿತಾಭ್ ಕೀರ್ತಿಯ ತುತ್ತತುದಿಯಲ್ಲಿದ್ದರು. ಫಿಲ್ಮ್‌ಫೇರ್‌ನ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ಅಪ್ಪನಿಗೆ. ಮುಂದೆ ಅಮಿತಾಭ್ ಕೂಡ ಇದೇ ದಾರಿಗೆ ಬರಬೇಕಾಯಿತು: ತೊಂಬತ್ತರ ದಶಕದಲ್ಲಿ ನಾಯಕನಾಗಿ ಸೋತು, 2000ದ ನಂತರ ‘ಬ್ಲ್ಯಾಕ್’, ‘ಪಾ’, ‘ಪೀಕು’ಗಳಲ್ಲಿ ಅವರು ಮಾಡಿದ ಕೆಲಸ ಹರೆಯದಲ್ಲಿ ಅವರಿಂದಲೇ ಆಗುತ್ತಿರಲಿಲ್ಲ. ಮಮ್ಮುಟ್ಟಿ ಎಪ್ಪತ್ತು ದಾಟಿದ ಮೇಲೆ ‘ಕಾದಲ್’ ಮಾಡಿದರು. ಮದುವೆಯಾಗಿ, ಮಗಳು ಬೆಳೆದು ನಿಂತ ಮೇಲೂ ತಾನು ಸಲಿಂಗಿ ಎಂಬುದನ್ನು ಮುಚ್ಚಿಟ್ಟುಕೊಂಡೇ ಬದುಕುತ್ತಿರುವವನ ಪಾತ್ರ ಅದು. ಅಷ್ಟು ದೊಡ್ಡ ತಾರೆಯೊಬ್ಬರು ಅದನ್ನು ಒಪ್ಪಿಕೊಂಡದ್ದು ನನ್ನ ಮಟ್ಟಿಗೆ ಅವರ ಎಷ್ಟೋ ಹೊಡೆದಾಟದ ಚಿತ್ರಗಳಿಗಿಂತ ದೊಡ್ಡ ಧೈರ್ಯ.

ನಮ್ಮ ಅನಂತ್ ನಾಗ್ ಅವರನ್ನು ಮರೆಯುವುದುಂಟೇ? 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಹೆಸರೇ ಕಾಣೆಯಾದವರ ಪ್ರಕಟಣೆಯ ಸಾಲು. ಯಾವ ಬೀದಿಯಲ್ಲೂ ಕಾಣುವಂಥ, ಮರೆವಿನ ಕಾಯಿಲೆಯ ವೆಂಕೋಬ್ ರಾವ್ ಆಗಿ ಅವರು ನಡೆದುಹೋಗುವಾಗ ಎಪ್ಪತ್ತು ಎಂಬತ್ತರ ದಶಕದ ಆ ಸುಂದರ ನಾಯಕ ಎಲ್ಲೂ ಕಾಣುವುದಿಲ್ಲ. ಮಗನಾಗಿ ರಕ್ಷಿತ್ ಶೆಟ್ಟಿ ಇದ್ದಾರೆ, ಚಿತ್ರದ ಅರ್ಧ ಭಾರ ಅವರದು. ಇಲ್ಲಿ ಯಾರೂ ಯಾರ ಜಾಗವನ್ನೂ ತುಂಬಲಿಲ್ಲ. ಇಬ್ಬರಿಗೂ ಅವರವರ ವಯಸ್ಸಿನ ಪಾತ್ರ ಇತ್ತು. ಹಿರಿಯ ತಾರೆ ಅರವತ್ತೈದರಲ್ಲೂ ಕಾಲೇಜು ಹುಡುಗನಂತೆ ಕುಣಿಯಬೇಕೆಂದು ಹಟ ಹಿಡಿಯುವ ಅಭಿಮಾನವನ್ನು ನಾನು ಒಪ್ಪುವುದಿಲ್ಲ. ಅದರಿಂದ ಹಿರಿಯರಿಗೂ ಒಳ್ಳೆಯ ಪಾತ್ರ ತಪ್ಪುತ್ತದೆ, ಕಿರಿಯರಿಗೂ ಅವಕಾಶ ತಪ್ಪುತ್ತದೆ.

ಇಷ್ಟೆಲ್ಲ ಮಾತಾಡಿದ್ದು ನಾಯಕರ ಬಗ್ಗೆ. ನಾಯಕಿಯರ ವಿಷಯದಲ್ಲಿ ಈ ಪ್ರಶ್ನೆಯನ್ನು ಚಿತ್ರರಂಗ ಯಾವತ್ತೂ ಕೇಳಿಕೊಳ್ಳಲೇ ಇಲ್ಲ. ಅವರ ಬದಲಿಗೆ ಹೊಸಬರನ್ನು ತರುವುದಕ್ಕೆ ಯಾರೂ ತಡಮಾಡಲಿಲ್ಲ. ‘ಬೇಡರ ಕಣ್ಣಪ್ಪ’ದಲ್ಲಿ ಅಣ್ಣಾವ್ರ ಹೆಂಡತಿಯಾಗಿ ನಟಿಸಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು! 1993ರ ‘ಆಕಸ್ಮಿಕ’ದಲ್ಲಿ ಅರವತ್ತು ದಾಟಿದ ಅಣ್ಣಾವ್ರು ನಾಯಕ, ನಾಯಕಿಯರಾದ ಗೀತಾ, ಮಾಧವಿ ಇಬ್ಬರೂ ಅಣ್ಣಾವ್ರಿಗಿಂತ ಎಷ್ಟೋ ಚಿಕ್ಕವರು. ಹಿಂದಿಯಲ್ಲೂ ಅಷ್ಟೇ: 1976ರ ‘ಕಭಿ ಕಭಿ’ಯಲ್ಲಿ ಅಮಿತಾಭ್ ಪ್ರೇಯಸಿಯಾಗಿದ್ದ ರಾಖಿ, ಆರೇ ವರ್ಷಕ್ಕೆ ಮೇಲೆ ಹೇಳಿದ ‘ಶಕ್ತಿ’ಯಲ್ಲಿ ಅವರ ತಾಯಿ. ವಯಸ್ಸಿನಲ್ಲಿ ರಾಖಿ ಅಮಿತಾಭ್‌ಗಿಂತ ಚಿಕ್ಕವರು. ಪ್ರತಿಭೆ ಮಾಗುವ ಹೊತ್ತಿಗೆ ಪಾತ್ರಗಳೇ ಸಿಗದೆ ಹೋದದ್ದರಿಂದ ಎಷ್ಟು ಜನ ದಿಗ್ಗಜೆಯರು ಆಗದೇ ಉಳಿದರೋ. ಹಾಸ್ಯ ಪಾತ್ರಗಳಿಗೆ ಹೆಸರಾಗಿದ್ದ ಉಮಾಶ್ರೀ ಅವರಿಗೆ ಗಿರೀಶ್ ಕಾಸರವಳ್ಳಿ 2008ರಲ್ಲಿ ‘ಗುಲಾಬಿ ಟಾಕೀಸ್’ ಕೊಟ್ಟಾಗ ರಾಷ್ಟ್ರಪ್ರಶಸ್ತಿಯೇ ಬಂತು. ಅವರಿಗಾಗ ಐವತ್ತರ ವಯಸ್ಸು. ಅಂಥ ಅವಕಾಶ ಇನ್ನೂ ಹತ್ತು ಜನರಿಗೆ ಸಿಕ್ಕಿದ್ದರೆ ಇವತ್ತು ನಾವು ಪಟ್ಟಿ ಮಾಡುವ ದಿಗ್ಗಜರೆಲ್ಲ ಗಂಡಸರೇ ಆಗಿರುತ್ತಿರಲಿಲ್ಲ.

ತಂತ್ರಜ್ಞಾನದಿಂದ ಹಿರಿಯರನ್ನೇ ಮತ್ತೆ ಹರೆಯಕ್ಕೆ ತರಬಹುದಲ್ಲ ಎಂದೂ ಕೆಲವರು ಕೇಳುತ್ತಾರೆ. 2019ರ ‘ದಿ ಐರಿಶ್‌ಮನ್’ನಲ್ಲಿ ಎಪ್ಪತ್ತು ದಾಟಿದ ಅದೇ ಡಿ ನೀರೊ ಅವರ ಮುಖದ ಸುಕ್ಕನ್ನು ಕಂಪ್ಯೂಟರ್‌ನಲ್ಲಿ ಅಳಿಸಿದರು. ಮುಖಕ್ಕೆ ಹರೆಯ ಬಂತು. ಆದರೆ ಅಂಗಡಿಯವನೊಬ್ಬನನ್ನು ಬೀದಿಗೆಳೆದು ಒದೆಯುವ ದೃಶ್ಯದಲ್ಲಿ ಬೆನ್ನು, ಭುಜ, ಕಾಲೆತ್ತುವ ರೀತಿ ಎಲ್ಲ ಹಿರಿಯರದೇ ಎಂದು ಕಣ್ಣಿಗೆ ಹೊಡೆದು ಕಾಣುತ್ತದೆ. ಪುನೀತ್ ಅವರ ‘ಜೇಮ್ಸ್’ ಕಥೆ ಬೇರೆ. ಡಬ್ಬಿಂಗ್ ಮುಗಿಯುವ ಮೊದಲೇ ಅವರು ಹೋದದ್ದರಿಂದ 2022ರ ಮಾರ್ಚ್‌ನಲ್ಲಿ ಚಿತ್ರ ಬಿಡುಗಡೆಯಾದಾಗ ಕೇಳಿದ್ದು ಅಣ್ಣ ಶಿವರಾಜ್‌ಕುಮಾರ್ ದನಿ. ಆ ದನಿಗೆ ಅಭಿಮಾನಿಗಳು ಕರಗಿದರು. ಆದರೂ ಅಪ್ಪು ದನಿಯೇ ಬೇಕೆಂಬ ಹಂಬಲ ಹೋಗಲಿಲ್ಲ. ಮುಂದೆ ತಂತ್ರಜ್ಞಾನದ ನೆರವಿನಿಂದ ಅವರದೇ ದನಿ ಕೂಡಿಸಿ ಮತ್ತೆ ತೋರಿಸಿದರು. ಅವರೇ ನಟಿಸಿ ಹೋದ ಚಿತ್ರವನ್ನು ಹೀಗೆ ಪೂರ್ತಿಗೊಳಿಸುವುದು ಗೌರವ. ಅವರು ಒಪ್ಪದ, ಕೇಳಿಯೂ ಇಲ್ಲದ ಹೊಸ ಕಥೆಗೆ ಅವರ ಮುಖ ಅಂಟಿಸುವುದು ಬೇರೆಯೇ ವಿಷಯ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕೊನೆಗೆ, ಈಗಿನವರಲ್ಲಿ ಯಾರು ಎಂದು ನೇರವಾಗಿ ಕೇಳಿದ್ದೀರಿ. ನಾನು ಒಬ್ಬರನ್ನು ಹೇಳುತ್ತೇನೆ. ರಾಜ್ ಬಿ. ಶೆಟ್ಟಿ 2017ರಲ್ಲಿ ತಾವೇ ಬರೆದು ನಿರ್ದೇಶಿಸಿದ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಅಣ್ಣಾವ್ರ ಅಭಿಮಾನಿಯಾದ ಬೋಳುತಲೆಯ ಕನ್ನಡ ಮೇಷ್ಟ್ರಾಗಿದ್ದರು. ನಾಯಕನ ರೂಪದ ಬಗ್ಗೆ ನಾವಿಟ್ಟುಕೊಂಡ ಲೆಕ್ಕ ಯಾವುದಕ್ಕೂ ಅವರು ಹೊಂದುತ್ತಿರಲಿಲ್ಲ. ನಾಲ್ಕು ವರ್ಷ ಕಳೆದು ‘ಗರುಡ ಗಮನ ವೃಷಭ ವಾಹನ’ದ ಶಿವನಾಗಿ ಬಂದಾಗ ಅದೇ ಮನುಷ್ಯನನ್ನು ಕಂಡರೆ ಭಯವಾಗುತ್ತಿತ್ತು. ಅಣ್ಣಾವ್ರ ಜಾಗ ತಮ್ಮದೆಂದು ಅವರು ಎಲ್ಲೂ ಹೇಳಿಕೊಳ್ಳದೆ, ಅದರ ಪಕ್ಕದಲ್ಲಿ ತಮ್ಮದೊಂದು ಜಾಗ ಮಾಡಿಕೊಂಡಿದ್ದಾರೆ. ಅವರ ಮುಂದಿನ ಹತ್ತು ಚಿತ್ರಗಳನ್ನು, ಸೋತವನ್ನೂ ಸೇರಿಸಿ, ಟಿಕೆಟ್ ತೆಗೆದುಕೊಂಡೇ ನೋಡುತ್ತೇನೆ.