ಬಜ್ಪೆಯಿಂದ ದುಬೈ: 180 ಕಿಲೋಮೀಟರ್ ಸುತ್ತಿನ ಕಥೆ

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈಗೆ ನೇರ ಹಾರಿದರೆ ಸುಮಾರು 2,460 ಕಿ.ಮೀ. ಮುಂಬಯಿಗೆ ಹೋಗಿ ಅಲ್ಲಿಂದ ಹಾರಿದರೆ ಸುಮಾರು 2,640. ಹೆಚ್ಚುವರಿ ದೂರ ಬರೀ 180 ಕಿ.ಮೀ. ಆ ಸುತ್ತು ತಪ್ಪಲು ಕರಾವಳಿಯವರು ಮೂವತ್ತು ವರ್ಷ ಕಾಯಬೇಕಾಯಿತು.

1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಬಜ್ಪೆ ನಿಲ್ದಾಣ ಶುರುವಾಯಿತು. ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ಅದರ ಹಳೆಯ ರನ್‌ವೇ 1,615 ಮೀಟರ್. ಮುಂಬಯಿಗೆ ಹೋಗಿಬರಲು ಅಷ್ಟು ನಡೆಯುತ್ತಿತ್ತು. ಕಡಲು ದಾಟುವಷ್ಟು ಇಂಧನ ತುಂಬಿಕೊಂಡ ವಿಮಾನ ಭಾರವಾಗುತ್ತದೆ, ಏಳಲು ಉದ್ದ ಓಟ ಬೇಕು. ನಮ್ಮ ಸೆಕೆಗೆ ಗಾಳಿ ತೆಳುವಾಗುವುದರಿಂದ ಆ ಓಟ ಇನ್ನೂ ಉದ್ದವಾಗುತ್ತದೆ.

ಹಾಗಾಗಿ ಎಪ್ಪತ್ತರ ದಶಕದಿಂದ ಗಲ್ಫಿಗೆ ಹೊರಟವರಿಗೆಲ್ಲ ಮುಂಬಯಿಯೇ ಬಾಗಿಲು. ವಿಮಾನದ ಟಿಕೆಟಿಗೆ ದುಡ್ಡು ಸಾಲದವರು ಬಸ್ಸು ಹಿಡಿಯುತ್ತಿದ್ದರು. ನನ್ನ ಚಿಕ್ಕಪ್ಪ ರಜೆಗೆ ಬರುವಾಗ ನಾವು ಮಕ್ಕಳು ಬೆಳಗ್ಗೆಯೇ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದೆವು. ಬಸ್ಸಿನ ಮೇಲಿಂದ ಇಳಿಯುವ ರಟ್ಟಿನ ಪೆಟ್ಟಿಗೆಗೆ ನೀಲಿ ನೈಲಾನ್ ಹಗ್ಗದ ನಾಲ್ಕು ಸುತ್ತು, ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಷರದ ಹೆಸರು. ಆಕಾಶದಲ್ಲಿ ಮೂರು ಗಂಟೆ ಕೂತು ಬಂದವರು ರಸ್ತೆಯಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಕಾಲು ಊದಿಸಿಕೊಂಡು ಇಳಿಯುತ್ತಿದ್ದರು. ಮೂವತ್ತು ದಿನದ ರಜೆಯಲ್ಲಿ ಆ ಪ್ರಯಾಣಕ್ಕೆ ಹೋದ ದಿನಗಳನ್ನು ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. 1998ರಲ್ಲಿ ಕೊಂಕಣ ರೈಲು ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ತೆರೆಯಿತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಹಾರಿತು.

ಈಗ ಹೋಗಲು ಸುಮಾರು ಮೂರೂವರೆ ಗಂಟೆ, ಬರಲು ತುಸು ಕಡಿಮೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಬೇರೆ. ಇಲ್ಲಿ ಬೆಳಗ್ಗೆ 8ಕ್ಕೆ ಹೊರಟವರು ಅಲ್ಲಿನ 10ಕ್ಕೆ ಇಳಿಯುತ್ತಾರೆ. ಅಲ್ಲಿಂದ 8ಕ್ಕೆ ಹೊರಟವರು ಇಲ್ಲಿ ಮುಟ್ಟುವಾಗ ಮಧ್ಯಾಹ್ನ ಒಂದರ ಹತ್ತಿರ. ಊಟಕ್ಕೆ ಕಾಯುವ ಮನೆಯವರಿಗೆ ಈ ಲೆಕ್ಕ ಬಾಯಿಪಾಠ.

ಇದೇ ದಾರಿಯಲ್ಲಿ 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇಯಲ್ಲಿ ಸುಮಾರು 1,585 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ನಿಲ್ಲಲು ಜಾಗ ಸಾಲದೆ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಉಳಿದದ್ದು ಎಂಟು ಮಂದಿ. ಗುಡ್ಡದ ಮೇಲಿನ ನಿಲ್ದಾಣದಲ್ಲಿ ಒಂದೊಂದು ಮೀಟರಿಗೂ ಎಷ್ಟು ಬೆಲೆ ಎಂದು ನಮಗೆ ಆ ದಿನ ಗೊತ್ತಾಯಿತು. ಇಂದಿಗೂ ವಿಮಾನ ಇಳಿಯುವಾಗ ಎಷ್ಟೋ ಜನ ಕೈ ಜೋಡಿಸುವುದನ್ನು ನೋಡಿದ್ದೇನೆ.

ರನ್‌ವೇ ಉದ್ದವಾಗಬೇಕೆಂಬ ಬೇಡಿಕೆ ಹಲವು ವರ್ಷಗಳದ್ದು, ನ್ಯಾಯವಾದದ್ದೂ ಹೌದು. ಲಂಡನ್ ಇಲ್ಲಿಂದ ಸುಮಾರು 7,900 ಕಿ.ಮೀ. ಅಷ್ಟು ದೂರಕ್ಕೆ ಇಂಧನ ಹೊತ್ತ ದೊಡ್ಡ ವಿಮಾನ ಏಳಲು 2,450 ಮೀಟರ್ ಸಾಲದು. ಅಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ದುಬೈಯಲ್ಲೋ ವಿಮಾನ ಬದಲಿಸಿಯೇ ಮನೆಗೆ ಬರುತ್ತಾರೆ.